ಜಂತ್ರಡಿಯ ಹಲಗೆ ಯಾರ ಕೈಯಲ್ಲಿ: ಅಘನಾಶಿನಿ ದಡದ ಒಂದು ಗಜನಿಯ ಪ್ರಕರಣ

2022ರ ದೀಪಾವಳಿ ಹೊತ್ತಿಗೆ ನಮ್ಮೂರಿನಲ್ಲಿ ಉಪ್ಪು ತಾಳುವ ಭತ್ತವಾದ ಕಗ್ಗದ ಬೀಜ ಉಳಿದಿದ್ದು ಎರಡೇ ಮನೆಯಲ್ಲಿ. ಒಂದು ನಮ್ಮ ದೊಡ್ಡಪ್ಪನ ಮನೆ. ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ಕುಡಿದು ಕಪ್ಪಾದ ಹುಲ್ಲಿನ ಮುಡಿಯೊಳಗೆ ಅದು ಕೂತಿತ್ತು. ಇನ್ನೊಂದು ಹೊಳೆಬದಿಯ ಒಬ್ಬ ಅಜ್ಜಿಯ ಮನೆ. ಆಕೆ ಮನೆ ಹಿಂದಿನ ನಾಲ್ಕು ಗುಂಟೆ ತುಂಡಿನಲ್ಲಿ ವರ್ಷ ತಪ್ಪದೆ ಬಿತ್ತುತ್ತಿದ್ದಳು. ಬಂದಿದ್ದರಲ್ಲಿ ಅರ್ಧ ಹಕ್ಕಿ ತಿನ್ನುತ್ತಿದ್ದವು, ಉಳಿದದ್ದು ತಗಡಿನ ಡಬ್ಬಿ ಸೇರುತ್ತಿತ್ತು. ನಾನು ಶಾಲೆಗೆ ಹೋಗುವಾಗ ಒಡ್ಡಿನ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ಕಗ್ಗದ ಹಸಿರೇ ಇತ್ತು. ಅಷ್ಟು ದೊಡ್ಡ ಹಸಿರು ಒಂದು ಮುಡಿ, ಒಂದು ಡಬ್ಬಿಗೆ ಇಳಿದಿದ್ದು ಹೇಗೆ, ಅದನ್ನು ಮತ್ತೆ ಗದ್ದೆಗೆ ತರಲು ಹೋದಾಗ ಏನೇನಾಯಿತು ಎನ್ನುವುದೇ ಈ ಬರಹ.

ನಾನು ಕುಮಟಾದಲ್ಲಿ ಪಾಠ ಹೇಳುವವಳು. ತವರು ಅಘನಾಶಿನಿಯ ಅಳಿವೆ ದಡ. 2023ರಿಂದ 2025ರವರೆಗಿನ ಮೂರು ಮಳೆಗಾಲ ಊರಿನ ಕೆಲವರ ಜೊತೆ ನಿಂತು ನೋಡಿದ್ದನ್ನು, ಒಮ್ಮೊಮ್ಮೆ ಕೆಸರಿಗೆ ಇಳಿದು ಮಾಡಿದ್ದನ್ನು ಬರೆಯುತ್ತಿದ್ದೇನೆ. ಊರಿನ ಹೆಸರಾಗಲಿ ಜನರ ಹೆಸರಾಗಲಿ ಹಾಕುತ್ತಿಲ್ಲ. ನಾಳೆ ಬೆಳಗಾದರೆ ಎಲ್ಲರೂ ಅದೇ ಒಡ್ಡಿನ ಮೇಲೆ ಎದುರುಬದುರು ಆಗಬೇಕಾದವರು.

ಉಪ್ಪು ಮತ್ತು ಸಿಹಿಯ ನಡುವಿನ ನೆಲ

ಅಘನಾಶಿನಿ ಶಿರಸಿಯ ಶಂಕರಹೊಂಡ, ಮಂಜುಗುಣಿ ಕಡೆಯ ಹಳ್ಳಗಳಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿ.ಮೀ. ಹರಿದು ತದಡಿಯ ಹತ್ತಿರ ಕಡಲು ಸೇರುತ್ತದೆ. ಈ ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟಿಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಇವೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ ಇವೆ. ನಮ್ಮ ಹೊಳೆಗೆ ಮಾತ್ರ ಘಟ್ಟದ ಎಲೆಕೊಳೆ, ಮಳೆಗಾಲದ ಕೆಂಪು ಗೋಡು (ಮೆಕ್ಕಲು ಮಣ್ಣು) ತಡೆಯಿಲ್ಲದೆ ಅಳಿವೆತನಕ ಬರುತ್ತದೆ. ಇತ್ತ ಕಡಲು ದಿನಕ್ಕೆರಡು ಸಲ ಭರತವಾಗಿ ಒಳಗೆ ನುಗ್ಗುತ್ತದೆ. ಎರಡೂ ಸೇರುವ ಅಂಚಿನಲ್ಲಿ, ಒಡ್ಡು ಕಟ್ಟಿ ಹಿಡಿದಿಟ್ಟ ತಗ್ಗು ಕೆಸರುನೆಲವೇ ಗಜನಿ. ವರ್ಷದಲ್ಲಿ ಏಳೆಂಟು ತಿಂಗಳು ಅದು ಉಪ್ಪುನೀರಿನದು, ನಾಲ್ಕು ತಿಂಗಳು ಮಳೆಯದು.

ಆ ನಾಲ್ಕು ತಿಂಗಳಿಗೆಂದು ಹುಟ್ಟಿದ ಭತ್ತ ಕಗ್ಗ. ಒಂದು ಕಾಳನ್ನು ಅಂಗೈಯಲ್ಲಿಟ್ಟು ನೋಡಿದರೆ ಹೊಟ್ಟು ಕಪ್ಪುಗಂದು, ತುದಿಯಲ್ಲಿ ಉದ್ದನೆಯ ಒರಟು ಮೀಸೆ. ಬೆರಳಾಡಿಸಿದರೆ ಚುಚ್ಚುತ್ತದೆ. ಹೊಟ್ಟು ಸುಲಿದರೆ ಒಳಗೆ ಕೆಂಪಕ್ಕಿ. ಗಿಡ ಐದಾರು ಅಡಿ ಏಳುತ್ತದೆ, ನೀರು ಏರಿದರೆ ತಾನೂ ಏರುತ್ತದೆ. ಗೊಬ್ಬರ ಇಲ್ಲ, ಔಷಧಿ ಇಲ್ಲ, ನಾಟಿಯೂ ಇಲ್ಲ. ಮೊಳಕೆ ಕಟ್ಟಿದ ಬೀಜವನ್ನು ಕೆಸರಿಗೆ ಎರಚುವುದು, ಆಮೇಲೆ ಒಡ್ಡು ಕಾಯುವುದು. ಕುಚಲಕ್ಕಿ ಮಾಡಿ ಗಂಜಿ ಬೇಯಿಸಿದರೆ ಹೊಳೆಯ ಚಿಪ್ಪುಜೀವಿ ಬೆಳಚಿನ ಸುಕ್ಕಾದ ಜೊತೆ ಮಧ್ಯಾಹ್ನ ದಾಟುವತನಕ ಹಸಿವು ತಲೆ ಹಾಕುವುದಿಲ್ಲ.

ಭತ್ತ ಉಪ್ಪಿಗೆ ಬಹಳ ಅಂಜುವ ಬೆಳೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಸೋಡಿಯಂ ಬೇರಿನಿಂದ ಎಲೆಗೇರಿ ಪೊಟ್ಯಾಸಿಯಂನ ಜಾಗ ಹಿಡಿಯುತ್ತದೆ, ಎಲೆ ತುದಿಯಿಂದ ಸುಟ್ಟುಕೊಂಡು ಬರುತ್ತದೆ. ಅದರಲ್ಲೂ ಎರಡು ಹೊತ್ತು ಭತ್ತಕ್ಕೆ ಗಂಡಾಂತರ: ಎಳೆ ಸಸಿಯಾಗಿದ್ದಾಗ ಮತ್ತು ತೆನೆ ಹೊರಡುವಾಗ. ಕರಾವಳಿಯ ಹಳೆಯ ತಳಿಗಳು ಈ ಸೋಡಿಯಂ ಅನ್ನು ಎಲೆಗೆ ಹತ್ತದಂತೆ ತಡೆಯಲು ಕಲಿತಿವೆ. ಕೇರಳದ ಪೊಕ್ಕಾಳಿ ಭತ್ತದಿಂದ ವಿಜ್ಞಾನಿಗಳು ಇದಕ್ಕೆ ಕಾರಣವಾದ ವಂಶವಾಹಿ ತುಣುಕೊಂದನ್ನು ಗುರುತಿಸಿ ಅದಕ್ಕೆ ಸಾಲ್ಟಾಲ್ ಎಂದು ಹೆಸರಿಟ್ಟರು. ಸಮುದ್ರ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಬೇರೆ ದೇಶಗಳೂ ಹೊಸ ತಳಿ ಕಟ್ಟಲು ಅದನ್ನು ಬಳಸುತ್ತಿವೆ. ನಮ್ಮ ಕಗ್ಗ ಅದೇ ಬಗೆಯ ನೆಲದಲ್ಲಿ, ಬೇರೆ ಹೊಳೆಯ ಬೇರೆ ಮಣ್ಣಿನಲ್ಲಿ, ತನ್ನದೇ ದಾರಿಯಲ್ಲಿ ಬೆಳೆದು ಬಂದ ತಳಿ. ಅದರೊಳಗೂ ಕರಿ ಕಗ್ಗ, ಬಿಳಿ ಕಗ್ಗ ಎಂಬ ಒಳಭೇದಗಳಿವೆ. ಒಂದು ತಳಿ ಹೋದರೆ ಇಂಥ ಎಷ್ಟು ಉತ್ತರಗಳು ಅದರ ಜೊತೆ ಹೋಗುತ್ತವೆ ಎಂದು ಎಣಿಸಲಿಕ್ಕೂ ನಮ್ಮ ಹತ್ತಿರ ಲೆಕ್ಕ ಇರುವುದಿಲ್ಲ.

ಜಂತ್ರಡಿ

ಒಡ್ಡಿನ ನಡುವೆ, ಗಜನಿಯ ನೀರಿನ ಕಾಲುವೆಯಾದ ಕೋಡಿ ಹೊಳೆಗೆ ಸೇರುವ ಕಡೆ ಜಂತ್ರಡಿ ಇದೆ. ಎರಡು ಕಂಬ, ಕಂಬದ ಒಳಮೈಯಲ್ಲಿ ಸೀಳಿದ ಗಾಡಿ ಎಂಬ ಉದ್ದ ತೋಡು, ಆ ತೋಡಿನಲ್ಲಿ ಒಂದರ ಮೇಲೊಂದು ಇಳಿಸುವ ಮರದ ಹಲಗೆಗಳು. ಹಲಗೆ ಎತ್ತಿದರೆ ನೀರು ಹೋಗುತ್ತದೆ ಅಥವಾ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಕೆಲಸ ಇಷ್ಟೇ ಅನಿಸುತ್ತದೆ. ಆದರೆ ಭರತ ದಿನದಿನವೂ ಮುಕ್ಕಾಲು ತಾಸಿಗೂ ಹೆಚ್ಚು ತಡವಾಗುತ್ತಾ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ಉಕ್ಕುತ್ತದೆ, ಅಷ್ಟಮಿಗೆ ಇಳಿಯುತ್ತದೆ. ಇಳತದಲ್ಲಿ ಹಲಗೆ ಎತ್ತಿ ಮಳೆನೀರು ಹೊರಗೆ ಬಿಟ್ಟು, ಭರತ ತಿರುಗುವ ಮೊದಲು ಮತ್ತೆ ಇಳಿಸಬೇಕು. ಅದು ನಡುರಾತ್ರಿ ಎರಡು ಗಂಟೆಗಾದರೆ ಎರಡು ಗಂಟೆಗೇ. ದೊಡ್ಡಪ್ಪ ಲಾಟೀನು ಹಿಡಿದು ಒಡ್ಡಿನ ಮೇಲೆ ಹೋಗುತ್ತಿದ್ದದ್ದು, ಹಿಂದೆ ನಾನು ಹಟ ಹಿಡಿದು ಓಡಿದ್ದು ನೆನಪಿದೆ. ಹಲಗೆಗಳ ಸಂದಿಗೆ ಅವನು ಹುಲ್ಲು ಕಲಸಿದ ಜೇಡಿ ಮೆತ್ತುತ್ತಿದ್ದ. ಕೈ ಮೊಣಕೈತನಕ ನೀರಿನಲ್ಲಿ, ಕಣ್ಣು ಬೇರೆಲ್ಲೋ. ಬೆರಳಿಗೆ ತಣ್ಣಗೆ ಸೋರುವ ಜಾಗ ಸಿಕ್ಕಿದರೆ ಅಲ್ಲಿಗೆ ಜೇಡಿ. ನೋಡಿ ಮಾಡುವ ಕೆಲಸ ಅಲ್ಲ ಅದು, ಮುಟ್ಟಿ ಮಾಡುವುದು.

ಮೊದಲ ಮಳೆಗಳಿಗೆ ಈ ಎತ್ತು-ಇಳಿಸು ನಡೆದಷ್ಟೂ ಗದ್ದೆಯ ಉಪ್ಪು ತೊಳೆದು ಹೋಗುತ್ತದೆ. ಬಿತ್ತುವ ಹೊತ್ತು ಬಂತೋ ಇಲ್ಲವೋ ಎಂದು ತಿಳಿಯಲು ದೊಡ್ಡಪ್ಪ ಗದ್ದೆಯ ನೀರನ್ನು ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸುತ್ತಿದ್ದ.

"ಉಪ್ಪು ನಾಲಿಗೆ ತುದಿಗೆ ಹತ್ತಿದ್ರೆ ಇನ್ನೂ ಇಲ್ಲ, ತಂಗೀ. ಗಂಟಲಿಗೆ ಇಳಿದ ಮೇಲೆ ಒಂಚೂರು ಹತ್ತಿದ್ರೆ ಅಡ್ಡಿಲ್ಲ, ಕಗ್ಗ ತಡೀತದೆ."

ನಾನು ಆಮೇಲೆ ಕಾಲೇಜಿನ ಲವಣಾಂಶ ಅಳೆಯುವ ಮೀಟರ್ ಒಯ್ದು ಅವನ ನಾಲಿಗೆಯ ಜೊತೆ ಹೋಲಿಸಿದ್ದೇನೆ. ಬಿತ್ತಬಹುದು ಎಂದು ಅವನು ಹೇಳಿದ ದಿನಗಳಲ್ಲೆಲ್ಲ ಮೀಟರ್ ಕೂಡ ಹಾಗೇ ಹೇಳಿತು.

ಕಾರ್ತಿಕದ ಹೊತ್ತಿಗೆ ತೆನೆ ಕೊಯ್ದು, ಉದ್ದ ದಂಟನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಗ ಹಲಗೆಯ ಕೆಲಸ ತಿರುಗುಮುರುಗಾಗುತ್ತದೆ. ಭರತಕ್ಕೆ ಎತ್ತಿ ಉಪ್ಪುನೀರು ಒಳಗೆ ಬಿಡುವುದು. ಅದರ ಜೊತೆ ಕಡಲಲ್ಲಿ ಹುಟ್ಟಿದ ಶೆಟ್ಲಿಯ (ಸಿಗಡಿಯ) ಮರಿ, ಏಡಿಯ ಮರಿ, ಹತ್ತಾರು ಬಗೆಯ ಮೀನಿನ ಮರಿ ಒಳಗೆ ಬರುತ್ತವೆ. ದಂಟು ಕೊಳೆಯುತ್ತದೆ, ಕೊಳೆತದ್ದರ ಮೇಲೆ ಪಾಚಿ ಹತ್ತುತ್ತದೆ, ಮರಿಗಳು ಅದನ್ನು ಮೇದು ಬೆಳೆಯುತ್ತವೆ. ಯಾರೂ ಅವಕ್ಕೆ ತಿನಿಸು ಹಾಕಬೇಕಿಲ್ಲ. ಇಳತಕ್ಕೆ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿದರೆ ಊರಿನ ಪಾಲು ಬಂತು. ಚಳಿಗಾಲದಲ್ಲಿ ದೂರದೇಶದ ಗೊರವಗಳು, ಮರಳುಪೀಪಿಗಳು ಕೆಸರು ಕುಕ್ಕಲು ಇಳಿಯುತ್ತವೆ, ಕೋಡಿಯಲ್ಲಿ ನೀರುನಾಯಿ ಓಡಾಡುತ್ತದೆ. ಭತ್ತದ ಹೊಲಸು ಮೀನಿಗೆ, ಮೀನಿನ ಹೊಲಸು ಮುಂದಿನ ಭತ್ತಕ್ಕೆ. ಗೊಬ್ಬರ ಬೇಡದ ಗುಟ್ಟು ಇಲ್ಲೇ ಇದೆ.

ಗಜನಿಯಿಂದ, ಉಪ್ಪುನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಿಂದ ಹೊರಬೀಳುವ ಇದೇ ಕೊಳೆ ಅಳಿವೆಯ ದಿಬ್ಬಗಳಲ್ಲಿ ಬೆಳಚಿಗೂ ಸಿಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಶತಮಾನದ ಮೊದಲ ದಶಕದಲ್ಲಿ ಅಘನಾಶಿನಿ ಅಳಿವೆಯ ಚಿಪ್ಪುಜೀವಿಗಳ ಲೆಕ್ಕ ಹಾಕಿದಾಗ, ವರ್ಷಕ್ಕೆ ಸುಮಾರು 22 ಸಾವಿರ ಟನ್ ತೆಗೆಯುತ್ತಾರೆ, 2,300ಕ್ಕೂ ಹೆಚ್ಚು ಜನರಿಗೆ ಅದರಿಂದ ನೇರ ಕೆಲಸ ಇದೆ ಎಂದು ಕಂಡಿತ್ತು. ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಜನ ಎದ್ದು ನಿಂತರು, ಅದು ನಿಂತಿತು. 2024ರ ಜನವರಿಯಲ್ಲಿ 4,801 ಹೆಕ್ಟೇರಿನ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹೊರಗಿನ ದೊಡ್ಡ ಅಪಾಯಕ್ಕೆ ಊರುಗಳು ಒಂದಾಗಿದ್ದವು. ನಾನು ಹೇಳಹೊರಟ ಅಪಾಯ ಒಡ್ಡಿನ ಒಳಗಿನದು. ಅದಕ್ಕೆ ಮೆರವಣಿಗೆ ಹೊರಡುವುದಿಲ್ಲ, ಪತ್ರಿಕೆಯಲ್ಲಿ ಸುದ್ದಿಯಾಗುವುದೂ ಇಲ್ಲ.

ಹೇಗೆ ಸಡಿಲವಾಯಿತು

ಹಿಂದೆ ಒಡ್ಡು ಮಣ್ಣಿನದು. ವರ್ಷವೂ ಬೇಸಿಗೆ ಕೊನೆಗೆ ಗಜನಿಯಲ್ಲಿ ಪಾಲಿದ್ದ ಪ್ರತಿ ಮನೆಯಿಂದ ಆಳು ಬರಬೇಕು, ಕೆಸರು ಎತ್ತಿ ಹಾಕಬೇಕು. ಬಾರದಿದ್ದರೆ ಮೀನಿನ ಪಾಲಿಲ್ಲ. ಎಪ್ಪತ್ತರ ದಶಕದಲ್ಲಿ ಖಾರ್‌ಲ್ಯಾಂಡ್ (ಉಪ್ಪುನೆಲದ) ಯೋಜನೆಯಲ್ಲಿ ಕಲ್ಲಿನ ಒಡ್ಡು ಬಂತು. ಈ ಖಾರ್ ಎಂಬ ಹೆಸರೇ ನಾವು ಮುಂಬಯಿ ಪ್ರಾಂತದಲ್ಲಿದ್ದ ಕಾಲದ್ದು; 1948ರ ಮುಂಬಯಿ ಖಾರ್‌ಲ್ಯಾಂಡ್ ಕಾಯ್ದೆಯಿಂದ ಉಳಿದದ್ದು. ಕಲ್ಲಿನ ಒಡ್ಡು ಬೆನ್ನಿನ ನೋವು ಕಡಿಮೆ ಮಾಡಿತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಕೆಸರಿಗಿಳಿಯುವ ದಿನವೂ ಅದರ ಜೊತೆ ಹೋಯಿತು. ಜಂತ್ರಡಿಯ ಬಗ್ಗೆ ಮಾತುಕತೆ ಆಗುತ್ತಿದ್ದದ್ದು ಆ ದಿನವೇ.

ಆಮೇಲೆ ಶೆಟ್ಲಿಯ ಬೆಲೆ ಏರಿತು. ತೊಂಬತ್ತರ ದಶಕದಲ್ಲಿ ಗಜನಿಯ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರರು ಹೊಳೆಯಿಂದ ಬಂದ ಮರಿಗೆ ಕಾಯದೆ, ಮೊಟ್ಟೆಮನೆಗಳಿಂದ ಹುಲಿಶೆಟ್ಲಿಯ ಮರಿ ತಂದು ಬಿಟ್ಟರು. ಒಂದೇ ಜಾತಿ, ಒತ್ತೊತ್ತಾಗಿ. 1994-95ರಲ್ಲಿ ಬಿಳಿಚುಕ್ಕೆ ರೋಗ ದೇಶದ ಕರಾವಳಿಗೆ ಬಂದಾಗ ಅಂಥ ಕೆರೆಗಳು ಕೆಲವೇ ದಿನದಲ್ಲಿ ಖಾಲಿಯಾದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ವಿಧಾನ ಬಿಟ್ಟು ಬೇರೆ ಸಿಗಡಿ ಕೃಷಿ ಕೂಡದು ಎಂದಿತು. ನಮ್ಮೂರಲ್ಲಿ ಕೋರ್ಟಿನ ಮಾತಿಗಿಂತ ರೋಗದ ಹೊಡೆತವೇ ಹೆಚ್ಚು ಕೆಲಸ ಮಾಡಿತು. ಆದರೂ ಅಷ್ಟರಲ್ಲಿ ಗಜನಿಯ ಹಣ ಅಂದರೆ ಶೆಟ್ಲಿಯ ಹಣ ಎಂಬ ಲೆಕ್ಕ ಗಟ್ಟಿಯಾಗಿತ್ತು. ಭತ್ತಕ್ಕೆ ಕೂಲಿ ಹೆಚ್ಚು, ಬೆಲೆ ಕಡಿಮೆ. ಹುಡುಗರು ಗೋವಾಕ್ಕೆ, ಬೆಂಗಳೂರಿಗೆ ಹೋದರು. ಬಿತ್ತುವವರು ಕಡಿಮೆಯಾದಂತೆ ಜಂತ್ರಡಿಯ ಹಲಗೆ ಗುತ್ತಿಗೆದಾರನ ಕೈಯಲ್ಲೇ ಉಳಿಯಿತು. ಮಳೆಗಾಲದಲ್ಲೂ ಒಂದಿಷ್ಟು ಉಪ್ಪುನೀರು ಒಳಗಿರುವುದೇ ಅವನಿಗೆ ಅನುಕೂಲ.

ನಿಂತ ಉಪ್ಪುನೀರಿನಲ್ಲಿ ಭತ್ತ ಇಲ್ಲ, ಭತ್ತ ಇಲ್ಲದೆ ದಂಟಿಲ್ಲ, ದಂಟಿಲ್ಲದೆ ಪಾಚಿ ಕಡಿಮೆ. ನಮ್ಮೂರಿನ ಬಲೆಗೆ ಬೀಳುವ ಮೀನಿನ ಬಗೆ ವರ್ಷ ವರ್ಷ ಕುಗ್ಗುತ್ತಾ ಬಂದಿದ್ದನ್ನು ಬಲೆ ಹಾಕುವವರೇ ಹೇಳುತ್ತಾರೆ. ಮೇಲ್ಭಾಗದ ಪಾಳು ಗದ್ದೆಗಳಲ್ಲಿ ಕಾಂಡ್ಲಾ ತಾನಾಗಿ ಎದ್ದಿತು. ಇದನ್ನು ಎಚ್ಚರದಿಂದ ಹೇಳಬೇಕು. ಕಾಂಡ್ಲಾ ಅಳಿವೆಯ ಜೀವ. ಒಡ್ಡಿನ ಹೊರಮೈಗೆ ನೆಟ್ಟ ಕಾಂಡ್ಲಾ ಅಲೆಯ ಹೊಡೆತ ತಡೆದು ನಮ್ಮ ಒಡ್ಡನ್ನೇ ಕಾದಿದೆ. ಅದನ್ನು ಕಡಿಯಬಾರದೆಂಬ ಕಾನೂನು ಬೇಕಾದದ್ದೇ. ಆದರೆ ಒಡ್ಡಿನ ಒಳಗೆ, ತಲೆಮಾರುಗಳು ಕಗ್ಗ ಬೆಳೆದ ಗದ್ದೆಯಲ್ಲಿ ಒಮ್ಮೆ ಕಾಂಡ್ಲಾ ಬೇರೂರಿತು ಅಂದರೆ ಆ ಗದ್ದೆಗೆ ಭತ್ತ ಮತ್ತೆ ಬರುವುದಿಲ್ಲ. ಹೊರಗೆ ಕಾಂಡ್ಲಾ, ಒಳಗೆ ಕಗ್ಗ, ನಡುವೆ ಕೋಡಿ: ಈ ಮೂರೂ ಪಕ್ಕಪಕ್ಕ ಇದ್ದಾಗ ಅಲ್ಲಿ ಇದ್ದಷ್ಟು ಬಗೆಯ ಜೀವ ಇವುಗಳಲ್ಲಿ ಯಾವುದೊಂದೇ ಇಡೀ ಜಾಗ ಆವರಿಸಿದರೂ ಇರುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಮೂರು ಮಳೆಗಾಲ

2023ರ ಬೇಸಿಗೆಯಲ್ಲಿ ಒಂಬತ್ತು ಮನೆಯವರು ಕೂಡಿದರು. ದೊಡ್ಡಪ್ಪನ ಮುಡಿ, ಅಜ್ಜಿಯ ಡಬ್ಬಿ ಎರಡನ್ನೂ ಬಿಚ್ಚಿದೆವು. ಡಬ್ಬಿಯ ಬೀಜ ಹಿಂದಿನ ವರ್ಷದ್ದು, ಚೆನ್ನಾಗಿ ಮೊಳೆಯಿತು. ಮುಡಿಯದು ಮೂರು ವರ್ಷ ಹಳೆಯದು. ಹತ್ತು ಕಾಳಿಗೆ ಮೂರೂ ಮೊಳೆಯಲಿಲ್ಲ. ನಮ್ಮ ಕರಾವಳಿಯ ತೇವದಲ್ಲಿ ಭತ್ತದ ಬೀಜ ಹೆಚ್ಚು ಕಾಲ ಬದುಕುವುದಿಲ್ಲ, ವರ್ಷ ವರ್ಷ ಬಿತ್ತಿದರೆ ಮಾತ್ರ ಉಳಿಯುತ್ತದೆ. ದೊಡ್ಡಪ್ಪ ಅಂದು ಮುಡಿಯ ಹುಲ್ಲನ್ನು ಒಟ್ಟುಮಾಡುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ನಾಲ್ಕು ಗುಂಟೆಯ ಆ ಅಜ್ಜಿ ಇಲ್ಲದಿದ್ದರೆ ಕತೆ ಅಲ್ಲಿಗೇ ಮುಗಿದಿತ್ತು.

ಆ ವರ್ಷ ಬಿಪರ್‌ಜಾಯ್ ಚಂಡಮಾರುತದ ಎಳೆತದಲ್ಲಿ ಮುಂಗಾರು ತಡವಾಯಿತು. ಕೇರಳಕ್ಕೇ ಜೂನ್ 8ಕ್ಕೆ ಬಂತು, ನಮ್ಮಲ್ಲಿ ಮಳೆ ಗಟ್ಟಿಯಾಗುವಾಗ ತಿಂಗಳು ಮುಗಿಯಲು ಬಂದಿತ್ತು. ಜೂನ್ ಕೊನೆಗೆ ಬಿತ್ತಿದೆವು. ಜುಲೈ ಚೆನ್ನಾಗಿ ಸುರಿದು ಸಸಿ ಮೊಣಕಾಲೆತ್ತರ ಬಂತು. ಆಮೇಲೆ ಆಗಸ್ಟ್ ಒಣಗಿತು. 1901ರ ನಂತರ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಗದ್ದೆಯ ಸಿಹಿನೀರು ಇಳಿಯಿತು, ಹೊಳೆಯಲ್ಲಿ ಉಪ್ಪು ಮೇಲಕ್ಕೆ ಬಂತು. ಆಗಸ್ಟ್ 30ರ ನೂಲು ಹುಣ್ಣಿಮೆಗೆ ಚಂದ್ರ ಆ ವರ್ಷದ ಹುಣ್ಣಿಮೆಗಳಲ್ಲೇ ಭೂಮಿಗೆ ಅತಿ ಹತ್ತಿರ ಬಂದಿದ್ದ; ಭರತ ಜಂತ್ರಡಿಯ ಹಲಗೆಯನ್ನು ದಾಟಿತು. ಮೇಲಿನ ಹಲಗೆ ಹಳೆಯದು, ಅದರ ಸಂದಿಯಲ್ಲಿ ರಾತ್ರಿಯಿಡೀ ಸೋರಿತು. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆಯ ನೀರಿನಲ್ಲಿ ಸಣ್ಣ ಏಡಿಗಳು ಆಡುತ್ತಿದ್ದವು. ತೆನೆ ಹೊರಡುವ ಹೊತ್ತದು. ಹದಿನೈದು ದಿನಕ್ಕೆ ಎಲೆ ತುದಿ ಬಿಳಿಚಿಕೊಂಡಿತು, ತೆನೆ ಬಂದರೂ ಮುಕ್ಕಾಲು ಜೊಳ್ಳು.

ಅದರ ಮೇಲೆ ಹಕ್ಕಿ. ಇಡೀ ಗಜನಿ ಬಿತ್ತುತ್ತಿದ್ದ ಕಾಲದಲ್ಲಿ ಜಂಬುಕೋಳಿ, ಮುನಿಯಗಳು ತಿಂದರೂ ಅದು ಎಲ್ಲರ ಗದ್ದೆಗೂ ಹಂಚಿಹೋಗುತ್ತಿತ್ತು. ಈಗ ಸುತ್ತಲೂ ನೀರು, ನಡುವೆ ಮೂರು ಎಕರೆ ಭತ್ತ. ಆಸುಪಾಸಿನ ಹಕ್ಕಿಯೆಲ್ಲ ಅಲ್ಲಿಗೇ. ಕಗ್ಗ ಒಬ್ಬರೇ ಬೆಳೆಯಬಹುದಾದ ಬೆಳೆ ಅಲ್ಲ ಎಂಬುದು ಆ ವರ್ಷ ನನಗೆ ಅರ್ಥವಾಯಿತು. ಕೊನೆಗೆ ಸಿಕ್ಕಿದ್ದು ಮರುವರ್ಷದ ಬೀಜಕ್ಕೆ ಸಾಕಾಗುವಷ್ಟು. ಅದೂ ಉಪ್ಪು ತಡೆದು ಕಾಳು ಕಟ್ಟಿದ ಗಿಡಗಳಿಂದಲೇ ಆರಿಸಿದ್ದು. ಅಜ್ಜಿಯೇ ಒಂದೊಂದು ತೆನೆ ಹಿಡಿದು ಆರಿಸಿದಳು. ಜೊಳ್ಳು ಗಿಡದಲ್ಲಿ ಕಾಳಿದ್ದರೂ ಮುಟ್ಟಲಿಲ್ಲ.

2024ಕ್ಕೆ ಮೊದಲು ಮಾಡಿದ ಕೆಲಸ ಎರಡು ಹೊಸ ಹಲಗೆ ಕೊಯ್ಯಿಸಿದ್ದು. ಜೂನಿನಲ್ಲಿ ಮಳೆ ಹೊತ್ತಿಗೆ ಬಂತು, ಬಿತ್ತನೆ ಸಲೀಸಾಯಿತು. ಜುಲೈನಲ್ಲಿ ಜಿಲ್ಲೆ ತತ್ತರಿಸುವ ಮಳೆ. ಅಂಕೋಲೆಯ ಶಿರೂರಿನಲ್ಲಿ 16ನೇ ತಾರೀಕು ಗುಡ್ಡ ಕುಸಿದು ಜೀವಗಳು ಹೋದದ್ದು ಆ ದಿನಗಳಲ್ಲೇ. ನಮ್ಮ ಗಜನಿಯಲ್ಲಿ ನೀರು ಸಸಿಯ ತಲೆ ಮುಚ್ಚಿತು. ಐದು ದಿನ ಹಸಿರು ಕಾಣಲೇ ಇಲ್ಲ, ಬರೀ ಕೆಂಪು ನೀರು. ಆರನೆಯ ದಿನ ಇಳಿಯತೊಡಗಿದಾಗ ಮೊದಲು ತುದಿಗಳು ಕಂಡವು, ಒಂದೊಂದು ಎಲೆಯ ಮೇಲೂ ಗೋಡಿನ ತೆಳು ಪದರ. ಪಕ್ಕದ ಒಬ್ಬರು ಅಂಗಡಿಯ ಸುಧಾರಿತ ಬೀಜವನ್ನು ಅರ್ಧ ಎಕರೆಗೆ ಹಾಕಿದ್ದರು. ಅದು ಕೊಳೆತಿತ್ತು. ಕಗ್ಗ ವಾರದಲ್ಲಿ ತಲೆ ಎತ್ತಿತು, ತಿಂಗಳಲ್ಲಿ ಎದೆಮಟ್ಟ ಬಂತು. ಅಕ್ಟೋಬರ್ ಕೊನೆಗೆ ಕೊಯ್ದೆವು. ಆ ವರ್ಷ ಹತ್ತೊಂಬತ್ತು ಮನೆಗೆ ಬೀಜ ಹೋಯಿತು. ಆ ಚಳಿಗಾಲ ದಂಟು ಬಿಟ್ಟಿದ್ದ ಗದ್ದೆಗಳ ಕಡೆ ಬಲೆಗೆ ಬಿಳಿ ಶೆಟ್ಲಿ ಚೆನ್ನಾಗಿ ಬಿತ್ತು ಎಂದು ಗುತ್ತಿಗೆದಾರನ ಆಳುಗಳೇ ಹೇಳಿದರು. ಒಂದೇ ವರ್ಷದ ಮಾತು, ಇದರಿಂದ ದೊಡ್ಡ ತೀರ್ಮಾನಕ್ಕೆ ಬರಲಾರೆ. ಆದರೂ ಅವರ ಬಾಯಿಂದ ಬಂತು ಎನ್ನುವುದು ಮುಖ್ಯ.

ಒಂದೇ ತಳಿಗೆ ಒಂದು ವರ್ಷ ಉಪ್ಪು, ಮರುವರ್ಷ ಮುಳುಗಡೆ. ಎರಡನ್ನೂ ಅದು ತನ್ನ ಮಿತಿಯಲ್ಲಿ ತಾಳಿತು. ಆದ್ದರಿಂದ ಬೀಜ ದುರ್ಬಲವಾಗಿ ಕಗ್ಗ ಕಳೆದುಹೋಯಿತು ಎನ್ನುವ ಮಾತನ್ನು ಇನ್ನು ಮೇಲೆ ನಾನು ಒಪ್ಪುವುದಿಲ್ಲ.

2025ರಲ್ಲಿ ಆದದ್ದು ಬೇರೆ. ಈ ಸಲ ತೊಂದರೆ ಬಂದದ್ದು ಮಳೆ ಬೇಗ ಬಂದಿದ್ದರಿಂದ. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ನಂತರ ಇಷ್ಟು ಬೇಗ ಬಂದಿರಲಿಲ್ಲ. ಬೆನ್ನಿಗೇ ನಮ್ಮಲ್ಲೂ ಹೊಯ್ಯತೊಡಗಿತು. ಹೊಳೆ ಕೆಂಪಾಯಿತು. ಉಪ್ಪು ತೊಳೆಯಲು ಇದಕ್ಕಿಂತ ಒಳ್ಳೆಯ ದಿನಗಳಿಲ್ಲ. ದೊಡ್ಡಪ್ಪ ಹಲಗೆ ಎತ್ತಲು ಹೋದ. ಗುತ್ತಿಗೆದಾರ ತಡೆದ. ಹರಾಜಿನ ಪತ್ರದಲ್ಲಿ ಹಲಗೆ ಅವನ ಕೈಯಲ್ಲಿರುವುದು "ಮೃಗಶಿರಾ ಮಳೆ ಹಿಡಿಯುವ ತನಕ" ಎಂದು ಬರೆದಿತ್ತು; ಊರಿನಲ್ಲಿ ತಲೆತಲಾಂತರದಿಂದ ಬಂದ ಮಾತದು. ಮೃಗಶಿರಾ ಹುಟ್ಟುವುದು ಜೂನ್ ಎಂಟರ ಆಸುಪಾಸು. ಸುರಿಯುತ್ತಿದ್ದದ್ದು ರೋಹಿಣಿ.

"ಮಳೆ ಬಂದಿದ್ದು ನನ್ನ ತಪ್ಪಾ ಹೇಳಿ. ಶೆಟ್ಲಿ ಇನ್ನೂ ತೂಕಕ್ಕೆ ಬರ್ಲಿಲ್ಲ. ಹಣ ಕೊಟ್ಟು ಹಿಡಿದವ ನಾನು," ಎಂದ ಆತ. ಅವನ ಮಾತಿನಲ್ಲೂ ನ್ಯಾಯ ಇತ್ತು. ಪತ್ರದಲ್ಲಿ ಇದ್ದದ್ದು ಹಾಗೇ.

ದೊಡ್ಡಪ್ಪ ಜಗಳಾಡಲಿಲ್ಲ. "ಮೃಗಶಿರಾ ಅಂದ್ರೆ ತಾರೀಕಲ್ಲ, ತಮಾ. ಹೊಳೆ ಕೆಂಪಾಗೋದು," ಎಂದಷ್ಟೇ ಹೇಳಿ ಬಂದ.

ಹದಿನೈದು ದಿನ ಹೋಯಿತು. ಉಪ್ಪು ಹಿಡಿದಿಡಲು ಆತ ಭರತಕ್ಕೆ ನೀರು ಬಿಟ್ಟುಕೊಳ್ಳುತ್ತಿದ್ದ. ಹಲಗೆ ನಮ್ಮ ಕೈಗೆ ಬರುವಾಗ ಗದ್ದೆಯಲ್ಲಿ ನೀರು ತೊಡೆಮಟ್ಟ. ಅದನ್ನು ಇಳಿಸಿ, ಉಪ್ಪು ತೊಳೆದು, ನಾಲಿಗೆಗೆ ಸರಿ ಎನಿಸುವಷ್ಟರಲ್ಲಿ ಜೂನ್ ಕೊನೆಯ ವಾರ. ಬಿತ್ತಿದ ಮೂರನೆಯ ದಿನ ದೊಡ್ಡ ಮಳೆ. ಕಗ್ಗ ಮುಳುಗಿ ಬದುಕುವುದು ಸಸಿ ಎದ್ದ ಮೇಲೆ; ಕೆಸರಿಗೆ ಬೇರು ಕಚ್ಚದ ಮೊಳಕೆ ನೀರ ಮೇಲೆ ತೇಲಿ ಹೋಗುತ್ತದೆ. ತಗ್ಗಿನ ಗದ್ದೆಗಳ ಬೀಜವೆಲ್ಲ ಒಡ್ಡಿನ ಮೂಲೆಗೆ ಬಂದು ಹಸಿರು ಕೆನೆಯ ಹಾಗೆ ಕೂತಿತ್ತು. ಮೇಲಿನ ಅರ್ಧ ಮಾತ್ರ ನಿಂತಿತು. ಎರಡು ವರ್ಷ ಉಪ್ಪು, ನೆರೆ ಎರಡನ್ನೂ ದಾಟಿ ಬಂದ ಬೀಜವನ್ನು ಹರಾಜಿನ ಪತ್ರದ ಒಂದು ಸಾಲು ಅರ್ಧಕ್ಕಿಳಿಸಿತು.

ಈಗ ಎಲ್ಲಿದ್ದೇವೆ

ಕಗ್ಗವನ್ನು ಬೀಜಬ್ಯಾಂಕಿಗೆ ಕೊಟ್ಟರೆ ಆಯಿತಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳುವವರಿದ್ದಾರೆ. ಕೊಡಬೇಕು. ದೆಹಲಿಯ ರಾಷ್ಟ್ರೀಯ ಜೀನ್‌ಬ್ಯಾಂಕಿನ ಕೊರೆಯುವ ಚಳಿಯಲ್ಲಿ ಬೀಜ ಬಹಳ ವರ್ಷ ಬದುಕುತ್ತದೆ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1,30,000ಕ್ಕೂ ಹೆಚ್ಚು ಭತ್ತದ ಮಾದರಿಗಳಿವೆ. ಆದರೆ ಅಲ್ಲಿಟ್ಟ ಬೀಜ 2023ರ ಆಗಸ್ಟನ್ನು ಕಾಣುವುದಿಲ್ಲ, ಅದರಲ್ಲಿ ಉಪ್ಪು ತಡೆದವು ಯಾವುವು ಎಂದು ಆರಿಸುವ ಅಜ್ಜಿಯೂ ಅಲ್ಲಿ ಇಲ್ಲ. ದಂಟು, ಶೆಟ್ಲಿ, ಗೊರವ, ನೀರುನಾಯಿ ಯಾವುದೂ ಡಬ್ಬಿಯಲ್ಲಿ ಹಿಡಿಸುವುದಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಗೂ ಒಂದು ಜೀವವೈವಿಧ್ಯ ಸಮಿತಿ, ಒಂದು ಜನತಾ ದಾಖಲಾತಿ ಇರಬೇಕು. ಆ ಯೋಚನೆಗೆ ರೂಪ ಕೊಟ್ಟ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ನಮ್ಮ ಜಿಲ್ಲೆಯ ಕಾಡು, ಅಳಿವೆಗಳಲ್ಲೇ ಬಹಳ ಕಾಲ ಕೆಲಸ ಮಾಡಿದವರು. ನಮ್ಮ ದಾಖಲಾತಿಯಲ್ಲಿ ಕಗ್ಗಕ್ಕೆ ಇರುವುದು ಒಂದೇ ಸಾಲು: ಭತ್ತದ ಸ್ಥಳೀಯ ತಳಿ. ಜಂತ್ರಡಿಯನ್ನು ಯಾವ ತಿಂಗಳು ಯಾರು, ಯಾವ ಭರತಕ್ಕೆ ಎತ್ತಬೇಕು ಎಂಬುದು ಅದರಲ್ಲಿ ಇಲ್ಲ. ಕಗ್ಗದ ಹೆಸರಿನ ಪಕ್ಕದಲ್ಲೇ ಅದು ಇರಬೇಕಿತ್ತು. ಹೋದ ಚಳಿಗಾಲ ದೊಡ್ಡಪ್ಪನ ಬಾಯಿಂದ ಕೇಳಿ ಹನ್ನೊಂದು ಪುಟ ಬರೆದುಕೊಂಡಿದ್ದೇನೆ, ತಿಥಿಗಳ ಸಮೇತ. ಅದನ್ನು ಸೇರಿಸಿಕೊಳ್ಳಿ ಎಂದು ಸಮಿತಿಗೆ ಅರ್ಜಿ ಕೊಟ್ಟಾಗಿದೆ.

2025ರ ಕೊಯ್ಲಿನ ನಂತರದ ಹರಾಜು ದೇವಸ್ಥಾನದ ಕಟ್ಟೆಯ ಮೇಲೆ ನಡೆಯಿತು. ಮೂರು ತಾಸು ಮಾತು. ಪತ್ರದಲ್ಲಿ ಮೃಗಶಿರಾ ಎಂಬ ಶಬ್ದ ಹೋಯಿತು. ಬದಲಿಗೆ, ಮೇ 15ರ ನಂತರ ಹೊಳೆ ಕೆಂಪಾದ ದಿನ ಹಲಗೆ ಬಿತ್ತುವವರ ಕೈಗೆ ಬರಬೇಕು, ಅದಕ್ಕಾಗಿ ಗುತ್ತಿಗೆಯ ಮೊತ್ತದಲ್ಲಿ ಇಷ್ಟು ಇಳಿಕೆ ಎಂದು ಬರೆಯಲಾಯಿತು. ಆ ಇಳಿಕೆಯಿಂದ ಬಿತ್ತದ ಮನೆಗಳ ಪಾಲೂ ಕಡಿಮೆಯಾಗುತ್ತದೆ. ಅದಕ್ಕೆ ನಾಲ್ಕು ಮನೆಯವರು ಇನ್ನೂ ಒಪ್ಪಿಲ್ಲ, ಸಹಿ ಹಾಕಿಲ್ಲ. ಹೊಳೆ ಕೆಂಪಾಯಿತು ಎಂದು ಹೇಳುವವರು ಮೂವರು: ದೊಡ್ಡಪ್ಪ, ಅಜ್ಜಿಯ ಸೊಸೆ, ಗುತ್ತಿಗೆದಾರನ ಕಡೆಯ ಒಬ್ಬ ಹುಡುಗ. ಆ ಹುಡುಗನಿಗೆ ದೊಡ್ಡಪ್ಪ ಈಗ ನೀರಿನ ರುಚಿ ನೋಡಲು ಕಲಿಸುತ್ತಿದ್ದಾನೆ.

ಬೀಜ ಹದಿನಾಲ್ಕು ಮನೆಯಲ್ಲಿದೆ. ಅಜ್ಜಿ ತನ್ನ ಡಬ್ಬಿಯನ್ನು ಬೇರೆಯೇ ಇಟ್ಟುಕೊಂಡಿದ್ದಾಳೆ, ಯಾರಿಗೂ ಕೊಟ್ಟಿಲ್ಲ. ಆ ನಾಲ್ಕು ಗುಂಟೆಯನ್ನು ಈ ಸಲವೂ ತಾನೇ ಬಿತ್ತುತ್ತಾಳಂತೆ.